ಗುಳಗಿ ಚೀಲ ತಗೊಂಡು ಬರ್ರಿ

ಮೊದಲ ಎರಡು ವರ್ಷ ನನಗೆ ರೋಗಿಗಳ ಮುಖಕ್ಕಿಂತ ಕೈಗಳೇ ಜಾಸ್ತಿ ಪರಿಚಯ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧಿ ಕೋಣೆಗೆ ಒಂದು ಕಬ್ಬಿಣದ ಜಾಳಿಗೆ, ಅದರಲ್ಲಿ ಒಂದು ಗೇಣಿನ ಕಿಂಡಿ. ಚೀಟಿ ಹಿಡಿದ ಕೈ ಒಳಗೆ ಬರುತ್ತಿತ್ತು, ಗುಳಗಿ ಹಿಡಿದು ಹೊರಗೆ ಹೋಗುತ್ತಿತ್ತು. ಹಸಿರು ಬಳೆಯ ಕೈ. ನಾಟಿ ಗದ್ದೆಯ ಕೆಸರು ಉಗುರಲ್ಲೇ ಉಳಿದ ಕೈ. ಬೀಡಿ ವಾಸನೆಯ ಕೈ. ನಾನು ಒಳಗಿಂದ "ಮುಂಜಾನೆ ಒಂದು, ರಾತ್ರಿ ಒಂದು" ಅನ್ನುತ್ತಿದ್ದೆ. ಹೊರಗಿಂದ "ಹೂನ್ರಿ" ಅಂತ ಕೇಳಿಸುತ್ತಿತ್ತು. ಆ "ಹೂನ್ರಿ"ಗೆ ಏನೂ ಅರ್ಥ ಇಲ್ಲ ಅಂತ ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು.

ನಾನು ಇರುವುದು ರಾಯಚೂರು ಜಿಲ್ಲೆಯ ಸಿಂಧನೂರು ಕಡೆ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬರುವ ಭತ್ತದ ಸೀಮೆ. ಹುಟ್ಟಿದ್ದು ಲಿಂಗಸುಗೂರು ತಾಲೂಕಿನ ಒಣ ಹಳ್ಳಿಯಲ್ಲಿ. ಡಿ.ಫಾರ್ಮಾ, ಅಂದರೆ ಫಾರ್ಮಸಿ ಡಿಪ್ಲೊಮಾ, ಸೇರಿದಾಗ ಅಪ್ಪ ಊರಲ್ಲೆಲ್ಲ "ಮಗಳು ಕಂಪೌಂಡರ್ ಓದಾಕತ್ಯಾಳ" ಅಂತ ಹೇಳಿಕೊಂಡು ಬಂದರು. ನನಗೆ ಸಿಟ್ಟು ಬಂದಿತ್ತು. ಆದರೆ ಅಪ್ಪನ ಕಾಲಕ್ಕೆ ಅದು ದೊಡ್ಡ ಮಾತು. ಆಗ ದವಾಖಾನೆಗೆ ಹೋಗುವವರು ಮನೆಯಿಂದಲೇ ಖಾಲಿ ಬಾಟಲಿ ಒಯ್ಯುತ್ತಿದ್ದರು. ಕಂಪೌಂಡರ್ ದೊಡ್ಡ ಜಾಡಿಯಿಂದ ಕೆಂಪು ನೀರಿನ ಔಷಧಿ ಬೆರೆಸಿ ಕೊಡುತ್ತಿದ್ದ. ಬೆರೆಸುವವನು ಅಂತಲೇ ಆ ಹೆಸರು. ಈಗ ನಾವು ಏನನ್ನೂ ಬೆರೆಸುವುದಿಲ್ಲ. ಎಲ್ಲ ಗುಳಗಿ ಪಟ್ಟಿಯಲ್ಲಿ, ಅಂದರೆ ಸ್ಟ್ರಿಪ್ಪಿನಲ್ಲಿ, ಬರುತ್ತದೆ, ಎಣಿಸಿ ಕೊಡುವುದು ಅಷ್ಟೇ. ಹಾಗಾದರೆ ನನ್ನ ಕೆಲಸ ಏನು? ಈ ಪ್ರಶ್ನೆ ಓದುವಾಗ ಹುಟ್ಟಲಿಲ್ಲ. ಕಿಂಡಿಯ ಹಿಂದೆ ಕೂತ ಮೇಲೆ ಹುಟ್ಟಿತು.

ಡಿಪ್ಲೊಮಾಕ್ಕೆ ಎರಡು ವರ್ಷದ ಓದು, ಆಮೇಲೆ 500 ಗಂಟೆಯ ತರಬೇತಿ. ನಾನು ಅದನ್ನು ಪೇಟೆಯ ಒಂದು ಮೆಡಿಕಲ್ ಶಾಪಿನಲ್ಲಿ ಮಾಡಿದೆ. ನಮ್ಮ ಬ್ಯಾಚಿನ ಎಷ್ಟೋ ಜನ ಗಂಟೆ ಎಣಿಸಲೇ ಇಲ್ಲ, ಸಹಿ ಮಾತ್ರ ತಂದರು. ಆ ವಿಷಯದಲ್ಲಿ ನಾನು ಅದೃಷ್ಟವಂತೆ. ಆದರೆ ಅಂಗಡಿಯಲ್ಲಿ ಕಲಿತದ್ದು ಬೇರೆಯೇ. ಡಾಕ್ಟರ್ ಅಕ್ಷರ ಓದುವುದು, ಯಾವ ಗುಳಗಿ ಯಾವ ಡಬ್ಬಿಯಲ್ಲಿ ಅಂತ ಕಣ್ಣು ಮುಚ್ಚಿ ತೆಗೆಯುವುದು, ಲಗೂನ ಬಿಲ್ ಮಾಡುವುದು. ಗಿರಾಕಿ ಜೊತೆ ಎರಡು ಮಾತು ಜಾಸ್ತಿ ಆಡಿದರೆ ಮಾಲೀಕರ ಹುಬ್ಬು ಏರುತ್ತಿತ್ತು. ಲಗೂನ ಕೊಡುವವಳೇ ಜಾಣೆ ಅಂತ ನಾನೂ ನಂಬಿಬಿಟ್ಟೆ.

ಕಲ್ಯಾಣ ಕರ್ನಾಟಕದವರಿಗೆ ಇರುವ 371ಜೆ ಮೀಸಲಾತಿಯಲ್ಲಿ ಸರ್ಕಾರಿ ಕೆಲಸ ಸಿಕ್ಕಿತು. ಈಗ ಬಾಗಿಲ ಮೇಲಿನ ಬೋರ್ಡಿನಲ್ಲಿ "ಫಾರ್ಮಸಿ ಅಧಿಕಾರಿ" ಅಂತ ಇದೆ. ಬೋರ್ಡು ಓದಿ ಯಾರೂ ನನ್ನನ್ನು ಕರೆದಿಲ್ಲ ಬಿಡಿ. ಗುಳಗಿ ಕೊಡೋ ಮೇಡಂ, ಗುಳಗಿ ಅಕ್ಕಾರು, ಯವ್ವಾ. ಹೊರಗಿನಿಂದ ಬಂದು ನೆಲೆಸಿದವರ ಊರಿಗೆ ಇಲ್ಲಿ ಕ್ಯಾಂಪ್ ಅನ್ನುತ್ತಾರೆ. ಆಂಧ್ರ ಕ್ಯಾಂಪಿನವರು ತೆಲುಗಿನಲ್ಲಿ ಅಮ್ಮಾ ಅನ್ನುತ್ತಾರೆ. ಬಂಗಾಳಿ ಕ್ಯಾಂಪಿನವರು ದೀದಿ ಅನ್ನುತ್ತಾರೆ. ಮೂರು ಭಾಷೆಯಲ್ಲಿ ಮುಂಜಾನೆ, ರಾತ್ರಿ ಹೇಳಲು ಕಲಿತೆ. ಪೊದ್ದುನ, ರಾತ್ರಿ. ಶೊಕಾಲೆ, ರಾತ್ರೆ. ರಾತ್ರಿ ಮಾತ್ರ ಎಲ್ಲರಿಗೂ ಒಂದೇ.

ಕೆಲಸದ ಮೊದಲ ದಿನವೇ ಗೊತ್ತಾಯಿತು, ಇಲ್ಲಿ ನನ್ನ ನಿಜವಾದ ಅಧಿಕಾರಿ ದಾಸ್ತಾನು ಪುಸ್ತಕ. ಗೋದಾಮಿಗೆ ಇಂಡೆಂಟ್ ಹಾಕಬೇಕು. ಬಂದ ಮಾಲನ್ನು ಇ-ಔಷಧ ಅನ್ನುವ ಕಂಪ್ಯೂಟರ್ ದಾಸ್ತಾನಿನಲ್ಲಿ ಏರಿಸಬೇಕು. ಉಪಕೇಂದ್ರಗಳಿಗೆ ಹಂಚಬೇಕು. ಯಾವುದರ ಅವಧಿ ಮೊದಲು ಮುಗಿಯುತ್ತದೋ ಅದನ್ನು ಮುಂದೆ ಇಡಬೇಕು. ಹೊರಗಿನವರಿಗೆ ಇದು ಗುಮಾಸ್ತರ ಕೆಲಸ ಅನಿಸಬಹುದು. ನನಗೂ ಹಾಗೇ ಅನಿಸಿತ್ತು, ರಾಯಚೂರಿನ ಮೊದಲ ಬೇಸಿಗೆ ನೋಡುವವರೆಗೆ. ನಮ್ಮ ಕೋಣೆಯ ಪಡುವಣ ಗೋಡೆಗೆ ಮಧ್ಯಾಹ್ನವೆಲ್ಲ ಬಿಸಿಲು. ಪಟ್ಟಿಗಳ ಮೇಲೆ "30 ಡಿಗ್ರಿಗಿಂತ ಕೆಳಗೆ ಇಡಿ" ಅಂತ ಬರೆದಿರುತ್ತದೆ. ಹೊರಗೆ 42. ಒಂದು ದಿನ ಡಬ್ಬಿ ತೆಗೆದರೆ ಕ್ಯಾಪ್ಸೂಲುಗಳು ಒಂದಕ್ಕೊಂದು ಅಂಟಿ ಉಂಡೆ ಆಗಿದ್ದವು. ರ‍್ಯಾಕನ್ನೆಲ್ಲ ಆ ಗೋಡೆಯಿಂದ ಈ ಗೋಡೆಗೆ ಎಳೆದೆವು, ನಾನು ಮತ್ತು ನಮ್ಮ ಗ್ರೂಪ್ ಡಿ ಅಣ್ಣ. ಫ್ಯಾನಿಗಾಗಿ ಆರೋಗ್ಯ ರಕ್ಷಾ ಸಮಿತಿಗೆ ಮೂರು ಸಲ ಬರೆದೆ. "ಗುಳಗಿಗೂ ಫ್ಯಾನ್ ಬೇಕೇನ್ರಿ?" ಅಂತ ಸಭೆಯಲ್ಲಿ ಒಬ್ಬರು ನಕ್ಕರು. ನಾಲ್ಕನೇ ಸಲ ಅಂಟಿದ ಕ್ಯಾಪ್ಸೂಲ್ ಉಂಡೆಯನ್ನೇ ಸಭೆಗೆ ಒಯ್ದು ಮೇಜಿನ ಮೇಲೆ ಇಟ್ಟೆ. ಫ್ಯಾನ್ ಬಂತು.

ಆದರೂ ನಾನಿನ್ನೂ ಕಿಂಡಿಯ ಹಿಂದಿನವಳೇ. ಡಾಕ್ಟರ್, ಸಿಸ್ಟರ್, ಲ್ಯಾಬಿನವರು, ಆಶಾ ಅಕ್ಕಂದಿರು ಒಂದು ಕಡೆ. ಔಷಧಿ ಕೋಣೆ ಇನ್ನೊಂದು ಕಡೆ. ತಿಂಗಳ ಸಭೆಯಲ್ಲಿ ನನ್ನ ಸರದಿ ಬಂದಾಗ ಒಂದೇ ಪ್ರಶ್ನೆ: "ಸ್ಟಾಕ್ ಐತಿ?" "ಐತ್ರಿ ಸರ್." ಮುಗಿಯಿತು.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಡಾಕ್ಟರ್ ರಜೆ ಇದ್ದ ದಿನ ನನ್ನ ಬೆಲೆ ಏರುತ್ತಿತ್ತು. "ಮೇಡಂ, ನೀವಾ ಏನರ ಕೊಡ್ರಿ, ಇಷ್ಟು ದೂರ ಬಂದೀವಿ" ಅಂತ ಕಿಂಡಿ ಮುಂದೆ ನಿಲ್ಲುತ್ತಿದ್ದರು. ನಾನು ಕೊಡುತ್ತಿದ್ದೆ. ಜ್ವರಕ್ಕೆ, ಕೆಮ್ಮಿಗೆ, ಕೆಲವೊಮ್ಮೆ ಆ್ಯಂಟಿಬಯಾಟಿಕ್ ಕೂಡ. ಸಣ್ಣ ಡಾಕ್ಟರ್ ಅಂತ ಯಾರೋ ಕರೆದರೆ ಒಳಗೊಳಗೇ ಹಿಗ್ಗುತ್ತಿದ್ದೆ. ಅದು ನನ್ನ ಕೆಲಸ ಅಲ್ಲ, ಕಾನೂನೂ ಒಪ್ಪುವುದಿಲ್ಲ ಅಂತ ಗೊತ್ತಿತ್ತು. ಆದರೆ ನನ್ನ ಸ್ವಂತ ಕೆಲಸಕ್ಕೆ ಬೆಲೆ ಇಲ್ಲದಾಗ ಇನ್ನೊಬ್ಬರ ಕುರ್ಚಿ ರುಚಿ ಅನಿಸುತ್ತದೆ, ಅಲ್ವಾ?

ಆ ಹಿಗ್ಗು ಇಳಿದದ್ದು ಒಂದು ಮಂಗಳವಾರ. ಐವತ್ತೈದರ ಆಸುಪಾಸಿನ ಅಮ್ಮನೊಬ್ಬರನ್ನು ಆಟೋದಲ್ಲಿ ಹಾಕಿಕೊಂಡು ತಂದರು. ಮೈ ಬೆವತು ತೊಯ್ದಿತ್ತು, ಮಾತು ತೊದಲುತ್ತಿತ್ತು. ಲಕ್ವಾ ಹೊಡೆದಿದೆ ಅಂತ ಮಗ ಅಳುತ್ತಿದ್ದ. ಸಿಸ್ಟರ್ ಬೆರಳು ಚುಚ್ಚಿ ಸಕ್ಕರೆ ನೋಡಿದರು. 46, ತೀರಾ ಕಡಿಮೆ. ಡಾಕ್ಟರ್ ತಕ್ಷಣ ಗ್ಲೂಕೋಸ್ ಏರಿಸಿದರು. ಸ್ವಲ್ಪ ಹೊತ್ತಿಗೆ ಅಮ್ಮ ಕಣ್ಣು ಬಿಟ್ಟರು. ಮತ್ತೆ ಇಳಿಯಬಹುದು ಅಂತ 108ರಲ್ಲಿ ತಾಲೂಕು ಆಸ್ಪತ್ರೆಗೆ ಕಳಿಸಿದೆವು. ಹೋಗುವ ಮುಂಚೆ ಮಗ ಒಂದು ಪ್ಲಾಸ್ಟಿಕ್ ಚೀಲ ನನ್ನ ಕೈಗಿಟ್ಟ. "ಇಷ್ಟು ಗುಳಗಿ ತಗೊಂತಾಳ ನೋಡ್ರಿ ನಮ್ಮವ್ವ. ಎಲ್ಲಾ ಬರೋಬ್ಬರಿ ತಗೊಂತಾಳ."

ಮೇಜಿನ ಮೇಲೆ ಸುರಿದೆ. ಸಕ್ಕರೆ ಇಳಿಸಲು ನಾನು ಕೊಟ್ಟ ಗ್ಲಿಮಿಪಿರೈಡ್ ಇತ್ತು, ಮೆಟ್‌ಫಾರ್ಮಿನ್ ಇತ್ತು. ಪೇಟೆಯ ಖಾಸಗಿ ಡಾಕ್ಟರ್ ಬರೆದ ಇನ್ನೊಂದು ಪಟ್ಟಿ ಇತ್ತು. ಹೆಸರು ಬೇರೆ, ಬಣ್ಣ ಬೇರೆ. ಕಣ್ಣಿಗೆ ಹತ್ತದಷ್ಟು ಸಣ್ಣ ಅಕ್ಷರದಲ್ಲಿ ಒಳಗಿನ ಔಷಧಿಯ ಹೆಸರು: ಗ್ಲಿಮಿಪಿರೈಡ್, ಮೆಟ್‌ಫಾರ್ಮಿನ್. ಅಮ್ಮ ಎರಡನ್ನೂ ನಿಯಮದಿಂದ ನುಂಗುತ್ತಿದ್ದರು. ಅವತ್ತು ಉಪವಾಸ ಬೇರೆ. ಬರೋಬ್ಬರಿ ತಗೊಂಡದ್ದೇ ತಪ್ಪಾಯಿತು. ನಮ್ಮ ಡಾಕ್ಟರ್ ಬರೆದದ್ದು ಸರಿ ಇತ್ತು. ಆ ಡಾಕ್ಟರ್ ಬರೆದದ್ದೂ ಸರಿ ಇತ್ತು. ಎರಡೂ ಚೀಟಿ ಒಟ್ಟಿಗೆ ಸೇರುವ ಜಾಗ ಒಂದೇ, ಆ ಅಮ್ಮನ ಚೀಲ. ಆ ಚೀಲ ತಿಂಗಳಿಗೊಮ್ಮೆ ನನ್ನ ಕಿಂಡಿಯ ಆಚೆ, ಒಂದು ಗೇಣು ದೂರದಲ್ಲಿ ತೂಗಾಡುತ್ತಿತ್ತು. ನಾನು ಕೈ ಮಾತ್ರ ನೋಡಿದ್ದೆ.

ಅಮ್ಮ ಆರಾಮಾಗಿ ಬಂದರು. ಮುಂದಿನ ತಿಂಗಳಿನಿಂದ ನಾನು ಕಿಂಡಿಯಲ್ಲಿ ಒಂದು ಮಾತು ಸೇರಿಸಿದೆ: "ಮುಂದಿನ ಸಲ ಬರುವಾಗ ಮನ್ಯಾಗಿನ ಗುಳಗಿ ಚೀಲ ತಗೊಂಡು ಬರ್ರಿ."

ಜನ ತರಲಿಲ್ಲ. ಚೀಲ ತೋರಿಸಿದರೆ ಇರುವ ಗುಳಗಿ ಕಸಿದುಕೊಳ್ಳುತ್ತಾರೆ ಅಂತ ಹೆದರಿಕೆ. ಖಾಸಗಿ ಡಾಕ್ಟರ್ ಹತ್ತಿರ ಹೋದದ್ದು ಗೊತ್ತಾದರೆ ಸರ್ಕಾರಿ ಗುಳಗಿ ನಿಲ್ಲಿಸುತ್ತಾರೆ ಅಂತ ಇನ್ನೊಂದು ಹೆದರಿಕೆ. ಅವರ ಹೆದರಿಕೆ ಸುಳ್ಳಲ್ಲ. ಹಿಂದೆ ಯಾರೋ ಹಾಗೆ ಬೈದದ್ದನ್ನು ಅವರು ಮರೆತಿರಲಿಲ್ಲ. ಕೊನೆಗೆ ಆಶಾ ಅಕ್ಕಂದಿರನ್ನು ಹಿಡಿದೆ. ಅವರ ತಿಂಗಳ ಸಭೆಯಲ್ಲಿ ಅರ್ಧ ತಾಸು ಕೇಳಿಕೊಂಡು ಆ ಮಂಗಳವಾರದ ಕಥೆ ಹೇಳಿದೆ, ಹೆಸರು ಹೇಳದೆ. ಒಬ್ಬ ಆಶಾ ಅಕ್ಕ ಎದ್ದು "ನಮ್ಮತ್ತೀನೂ ಹಂಗಾ ಎರಡೂ ಕಡೀದು ತಗೊಂತಾರ್ರಿ" ಅಂದರು. ಮೊದಲ ಚೀಲ ಅವರ ಅತ್ತೆಯದೇ ಬಂತು.

ಆಮೇಲೆ ಬಂದ ಚೀಲಗಳ ಬಗ್ಗೆ ಬರೆಯಲು ಕೂತರೆ ರಾತ್ರಿ ಬೆಳಗಾಗುತ್ತದೆ. ದಮ್ಮಿನ ಅಜ್ಜ ಒಬ್ಬರು. ಪೇಟೆಯಲ್ಲಿ ಕೊಟ್ಟ ಎಳೆದುಕೊಳ್ಳುವ ಪುಡಿಯ ಕ್ಯಾಪ್ಸೂಲನ್ನು ದಿನಾ ಎರಡು ನೀರಿನ ಜೊತೆ ನುಂಗುತ್ತಿದ್ದರು. "ಮಷಿನ್ ಎಲ್ಲೈತಿ ಅಜ್ಜಾ?" ಅಂದರೆ, "ಅದು ಮನ್ಯಾಗ ಗೂಡಿನ್ಯಾಗ ಐತವ್ವಾ, ಮೊಮ್ಮಗ ಆಡ್ತಾನ." ಮರುದಿನ ಮಷಿನ್ ತರಿಸಿದೆ. ಕ್ಯಾಪ್ಸೂಲ್ ಹಾಕಿ, ತಿರುಗಿಸಿ, ಬಾಯಿಗೆ ಬಿಗಿ ಹಿಡಿದು ಜೋರಾಗಿ ಎಳೆದು, ಹತ್ತು ಎಣಿಸುವ ತನಕ ಉಸಿರು ಕಟ್ಟಿ ತೋರಿಸಿದೆ. ಅಜ್ಜ ಮೂರು ಸಲ ಕೆಮ್ಮಿ ನಾಲ್ಕನೇ ಸಲ ಎಳೆದರು. ವಾರದ ಮೇಲೆ ಬಂದು "ಹೊಸ ಗುಳಗಿ ಚಲೋ ಐತಿ" ಅಂದರು. ಗುಳಗಿ ಹಳೇದೇ.

ನಾಟಿ ಮಾಡುವ ಹೆಣ್ಣುಮಕ್ಕಳ ಚೀಲದಲ್ಲಿ ತಪ್ಪದೆ ಸಿಗುವುದು ಮೈಕೈ ನೋವಿನ ಗುಳಗಿ. ಡೈಕ್ಲೋಫೆನಾಕ್. ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಸಿಗಬಾರದು. ದಿನವಿಡೀ ಬಗ್ಗಿ ನಾಟಿ ಹಚ್ಚುವವರಿಗೆ ಅದಿಲ್ಲದೆ ರಾತ್ರಿ ನಿದ್ದೆ ಇಲ್ಲ. ಆದರೆ ಅದು ಬಿಪಿ ಏರಿಸುತ್ತದೆ, ಕಿಡ್ನಿಗೆ ಪೆಟ್ಟು. ಇತ್ತ ನಾವು ಬಿಪಿ ಇಳಿಯಲಿಲ್ಲ ಅಂತ ಆಮ್ಲೋಡಿಪಿನ್ ಏರಿಸುತ್ತಿರುತ್ತೇವೆ. "ನೋವಿಗೆ ಅದು ಬ್ಯಾಡ್ರಿ" ಅಂತ ಹೇಳುವುದು ಸುಲಭ. ನಾಟಿ ಯಾರು ಹಚ್ಚಬೇಕು? ಅದಕ್ಕೆ ನನ್ನ ಹತ್ತಿರ ಗುಳಗಿ ಇಲ್ಲ. ಪ್ಯಾರಸಿಟಮಾಲ್ ಕೊಡಿಸಿ, ಡಾಕ್ಟರಿಗೆ ಒಂದು ಚೀಟಿ ಬರೆದು ಕಳಿಸುತ್ತೇನೆ. ಅರ್ಧ ಜನ ಮತ್ತೆ ಅದನ್ನೇ ನುಂಗುತ್ತಾರೆ.

ನನ್ನ ತಪ್ಪುಗಳೂ ಚೀಲದಲ್ಲೇ ಸಿಕ್ಕವು. ಐದು ಗುಳಗಿ ಬೇಕಾದಾಗ ಪಟ್ಟಿ ಕತ್ತರಿಸಿ ಕೊಡುತ್ತಿದ್ದೆ. ಎಲ್ಲಿ ಕತ್ತರಿಸಿದರೂ ನಡೆಯುತ್ತದೆ ಅಂದುಕೊಂಡಿದ್ದೆ. ಮನೆಯಿಂದ ವಾಪಸ್ ಬಂದ ತುಂಡುಗಳಲ್ಲಿ ಹೆಸರಿಲ್ಲ, ಅವಧಿ ದಿನಾಂಕ ಇಲ್ಲ. ಬರೀ ಬೆಳ್ಳಿ ಕಾಗದದ ಹಿಂದೆ ಬಿಳಿ ಗುಳಗಿ. ಕೊಟ್ಟ ನನಗೇ ಅದು ಯಾವುದು ಅಂತ ಗೊತ್ತಾಗಲಿಲ್ಲ. ಅವತ್ತಿನಿಂದ ಪಟ್ಟಿ ಕತ್ತರಿಸಿದರೆ ಲಕೋಟೆಯ ಮೇಲೆ ಹೆಸರು ಬರೆಯುತ್ತೇನೆ, ಓದಲು ಬಾರದವರಿಗೆ ಸೂರ್ಯ, ಚಂದ್ರನ ಚಿತ್ರ ಬರೆಯುತ್ತೇನೆ. ನನ್ನ ಚಂದ್ರ ಮೊದಮೊದಲು ಬಾಳೆಹಣ್ಣಿನ ಹಾಗೆ ಇತ್ತಂತೆ. ಊಟ ಆದ ಮೇಲೆ ಬಾಳೆಹಣ್ಣು ತಿಂದು ಗುಳಗಿ ತಗೊಂಡ ಕಾಕಾ ಒಬ್ಬರಿದ್ದಾರೆ. ಏನೂ ಹಾನಿ ಆಗಲಿಲ್ಲ. ಈಗ ಚಂದ್ರನ ಪಕ್ಕ ಎರಡು ಚುಕ್ಕಿ ಇಡುತ್ತೇನೆ.

ಬಣ್ಣದ ಗೋಳು ಇನ್ನೊಂದು. ಸರ್ಕಾರಿ ಖರೀದಿಯಲ್ಲಿ ಕಂಪನಿ ಬದಲಾದರೆ ಗುಳಗಿಯ ಬಣ್ಣ, ಗಾತ್ರ ಎಲ್ಲ ಬದಲು. ಓದಲು ಬಾರದವರಿಗೆ ಬಣ್ಣವೇ ಹೆಸರು. "ಗುಲಾಬಿದು ಬಿಪಿ, ಬಿಳೀದು ಸಕ್ಕರಿ" ಅಂತ ಲೆಕ್ಕ ಇಟ್ಟುಕೊಂಡವರಿಗೆ ಬಿಪಿಯದೂ ಬಿಳಿ ಬಂದರೆ? ಒಬ್ಬರು ಎರಡು ತಿಂಗಳು ಬಿಪಿ ಗುಳಗಿ ಮುಟ್ಟಿರಲಿಲ್ಲ. ಸಕ್ಕರೆ ಗುಳಗಿಯನ್ನೇ ಎರಡು ಸಲ ಕೊಟ್ಟಿದ್ದಾರೆ ಅಂದುಕೊಂಡಿದ್ದರು. ಈಗ ಹೊಸ ಮಾಲು ಬಂದ ವಾರ ಹಳೆಯ ಖಾಲಿ ಪಟ್ಟಿಯನ್ನೂ ಹೊಸದನ್ನೂ ಜಾಳಿಗೆಗೆ ಅಕ್ಕಪಕ್ಕ ಕಟ್ಟಿ ತೂಗು ಹಾಕುತ್ತೇನೆ. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗಳಿಗೆ ಫೋಟೋ ಕಳಿಸುತ್ತೇನೆ.

ಇಷ್ಟಾದರೂ ಡಾಕ್ಟರ್ ಜೊತೆ ನನ್ನ ಮಾತುಕತೆ ಚೀಟಿಯಲ್ಲೇ ಇತ್ತು. ಅದು ಬದಲಾದದ್ದು ಹೊಸ ಡಾಕ್ಟರ್ ಬಂದ ಮೇಲೆ. ಕಡ್ಡಾಯ ಗ್ರಾಮೀಣ ಸೇವೆಗೆ ಬಂದ ಹುಡುಗ, ಮಂಡ್ಯ ಕಡೆಯವರು. ಅವರು ಮಾತ್ರೆ ಅನ್ನುವರು, ಜನ ಗುಳಗಿ ಅನ್ನುವರು. "ಹೊಟ್ಟಿ ಕಡೀತೈತ್ರಿ" ಅಂದರೆ ಅವರು ತುರಿಕೆಗೆ ಮುಲಾಮು ಬರೆದಿದ್ದರು. ಚೀಟಿ ಕಿಂಡಿಗೆ ಬಂದಾಗ ನಾನು ಎದ್ದು ಹೋಗಿ "ಸರ್, ಇಲ್ಲಿ ಕಡೀತೈತಿ ಅಂದ್ರ ನೋವು" ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನಕ್ಕು, ತಿದ್ದಿ ಕೊಟ್ಟರು. ಅದೇ ಮೊದಲ ಸಲ ನಾನು ಕೆಲಸದ ಹೊತ್ತಿನಲ್ಲಿ ಕೋಣೆ ಬಿಟ್ಟು ಡಾಕ್ಟರ್ ಮೇಜಿನ ತನಕ ನಡೆದದ್ದು. ಹತ್ತು ಹೆಜ್ಜೆ ಇರಬಹುದು.

ಕೆಲವು ವಾರ ಕಳೆದು ಒಬ್ಬ ಇನ್ಸುಲಿನ್ ರೋಗಿ ಬಂದರು. ಸಕ್ಕರೆ ಮುನ್ನೂರರ ಕೆಳಗೆ ಇಳಿಯುತ್ತಲೇ ಇಲ್ಲ. ಮಗನೇ ದಿನಾ 20 ಯೂನಿಟ್ ಹಾಕುತ್ತಾನೆ, ತಪ್ಪಿಸಿಲ್ಲ. ಡಾಕ್ಟರ್ 26ಕ್ಕೆ ಏರಿಸಿ ಚೀಟಿ ಬರೆದರು. ನಾನು ಕಿಂಡಿಯಲ್ಲಿ ಸುಮ್ನೆ ಕೇಳಿದೆ, "ಸಿರಿಂಜ್ ತಂದೀರೇನು?" ಮಗ ಕಿಸೆಯಿಂದ ತೆಗೆದ. ಕಿತ್ತಳೆ ಮುಚ್ಚಳ. ನಮ್ಮ ಇನ್ಸುಲಿನ್ ಬಾಟಲಿ ಒಂದು ಮಿಲಿಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್ ಬೇಕು. ಕಿತ್ತಳೆ ಮುಚ್ಚಳದ್ದು 100 ಯೂನಿಟ್‌ನ ಇನ್ಸುಲಿನ್‌ಗೆ. ಆ ಸಿರಿಂಜಿನಲ್ಲಿ 20ರ ಗೆರೆ ತನಕ ಎಳೆದರೆ ಒಳಗೆ ಬರುವುದು 0.2 ಮಿಲಿ. ಅಂದರೆ ನಮ್ಮ ಬಾಟಲಿಯದು 8 ಯೂನಿಟ್. ಮಗ ಇಪ್ಪತ್ತು ಅಂತ ತಿಳಿದು ಎಂಟು ಹಾಕುತ್ತಿದ್ದ. ಕೆಂಪು ಸಿಗಲಿಲ್ಲ ಅಂತ ಅಂಗಡಿಯವರು ಕಿತ್ತಳೆ ಕೊಟ್ಟಿದ್ದರು. ಈಗ 26ಕ್ಕೆ ಏರಿಸಿ, ಮುಂದಿನ ತಿಂಗಳು ಕೆಂಪು ಸಿರಿಂಜ್ ಸಿಕ್ಕಿದ್ದರೆ? ಎಂಟರಿಂದ ನೇರ 26ಕ್ಕೆ ಜಿಗಿತ. ನನಗೆ ಆ ಮಂಗಳವಾರದ ಅಮ್ಮ ನೆನಪಾದರು.

ಸಿರಿಂಜು, ಬಾಟಲಿ ಎರಡೂ ಹಿಡಿದು ಹತ್ತು ಹೆಜ್ಜೆ ನಡೆದೆ. ಡಾಕ್ಟರ್ ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬರೆದದ್ದನ್ನು ಹೊಡೆದು ಹಾಕಿ "ಮೇಡಂ, ನೀವೇನಂತೀರಾ? 20ರಲ್ಲೇ ಸರಿಯಾದ ಸಿರಿಂಜ್ ಹಾಕಿ ನೋಡೋಣ್ವಾ?" ಅಂದರು. ನಾನು ಅದಕ್ಕೂ ಅಂಜಿದೆ. ಎಂಟರಿಂದ ಇಪ್ಪತ್ತೂ ದೊಡ್ಡ ಜಿಗಿತವೇ. ಕಡಿಮೆಯಿಂದ ಶುರು ಮಾಡಿ, ಮನೆಯ ಹತ್ತಿರದ ಉಪಕೇಂದ್ರದಲ್ಲಿ ಸಕ್ಕರೆ ನೋಡಿಸುತ್ತ ಏರಿಸೋಣವಾ ಅಂದೆ. ಹಾಗೇ ಮಾಡಿದರು. ಡೋಸ್ ನಿರ್ಧರಿಸಿದ್ದು ಅವರು, ಸಹಿ ಅವರದು. ಆದರೆ "ನೀವೇನಂತೀರಾ" ಅಂತ ಕೇಳಿದ್ದು ನನ್ನನ್ನು. ಮನೆಗೆ ಹೋಗಿ ಯಜಮಾನರಿಗೆ ಎರಡು ಸಲ ಹೇಳಿದೆ. ಎರಡನೇ ಸಲ ಅವರು "ಆಗ್ಲೇ ಹೇಳ್ದಿ" ಅಂದರು.

ಆಮೇಲೆ ವಾರಕ್ಕೊಂದು ದಿನ ಒಂದು ತಾಸು ಡಾಕ್ಟರ್ ಕೋಣೆಯಲ್ಲೇ ನನಗೊಂದು ಕುರ್ಚಿ ಹಾಕಿದರು. ಬಿಪಿ, ಸಕ್ಕರೆಯವರು ಚೀಲದ ಜೊತೆ ಮೊದಲು ನನ್ನ ಹತ್ತಿರ, ಆಮೇಲೆ ಅವರ ಹತ್ತಿರ. ಚೆನ್ನಾಗಿ ನಡೆಯಿತು, ಮೂರು ವಾರ. ನಾಲ್ಕನೇ ವಾರ ತಾಲೂಕು ಆರೋಗ್ಯ ಅಧಿಕಾರಿಗಳಿಗೆ ದೂರು ಹೋಯಿತು: "ಗುಳಗಿ ಕೊಡೋ ಮೇಡಂ ಕಿಟಕಿ ಮುಚ್ಚಿ ಡಾಕ್ಟರ್ ಕೋಣೆಯಲ್ಲಿ ಹರಟೆ ಹೊಡೀತಾರೆ."

ದೂರು ಕೊಟ್ಟವರದು ತಪ್ಪು ಅನ್ನಲಾರೆ. ಕಿಟಕಿ ಮುಚ್ಚಿತ್ತು, ಸರದಿ ಬೆಳೆದಿತ್ತು. ಇಡೀ ಕೇಂದ್ರಕ್ಕೆ ಇರುವುದು ನಾನೊಬ್ಬಳೇ. ಗ್ರೂಪ್ ಡಿ ಅಣ್ಣನನ್ನು ಕಿಂಡಿಗೆ ಕೂಡಿಸಬಹುದಿತ್ತು, ಎಷ್ಟೋ ಕಡೆ ಕೂಡಿಸುತ್ತಾರೆ. ಆದರೆ 1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ನೋಂದಾಯಿತ ಫಾರ್ಮಸಿಸ್ಟ್ ಬಿಟ್ಟು ಬೇರೆಯವರು ಔಷಧಿ ಕೊಡಬಾರದು ಅನ್ನುತ್ತದೆ. ನನ್ನ ಕೆಲಸಕ್ಕೆ ಬೆಲೆ ಬೇಕು ಅಂತ ಹೊರಟವಳು ಅದೇ ಕೆಲಸವನ್ನು ಬೇರೆಯವರ ಕೈಗೆ ಕೊಟ್ಟು ಬರುವುದು ಹೇಗೆ?

ಸಾಹೇಬರು ಬಂದರು. ನಾನು 2015ರ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್ ಪ್ರಿಂಟ್ ತೆಗೆಸಿ ಇಟ್ಟಿದ್ದೆ. ರೋಗಿಗೆ ಔಷಧಿಯ ಬಗ್ಗೆ ತಿಳಿಸಿ ಹೇಳುವುದು ಫಾರ್ಮಸಿಸ್ಟ್ ಕೆಲಸ ಅಂತ ಅದರಲ್ಲಿದೆ. ಜೊತೆಗೆ ಒಂದು ನೋಟ್‌ಬುಕ್. ಪ್ರತಿ ಚೀಲದಲ್ಲಿ ಏನು ಸಿಕ್ಕಿತು, ಡಾಕ್ಟರ್ ಏನು ಬದಲಿಸಿದರು ಅಂತ ಬರೆದದ್ದು. ಅವರು ಪ್ರಿಂಟ್ ತಿರುವಲೂ ಇಲ್ಲ. ನೋಟ್‌ಬುಕ್ ಮಾತ್ರ ಬಹಳ ಹೊತ್ತು ಓದಿದರು. ಎರಡೆರಡು ಕಡೆಯ ಗುಳಗಿ ನುಂಗುವವರ ಪುಟದಲ್ಲಿ ನಿಂತರು. "ಮಾಡ್ರಿ, ಆದ್ರ ಮಧ್ಯಾಹ್ನ ಮಾಡ್ರಿ. ಮುಂಜಾನಿ ಕಿಟಕಿ ಮುಚ್ಚಬ್ಯಾಡ್ರಿ" ಅಂದರು. ಮತ್ತೆ ಎದ್ದು ಹೋಗುವಾಗ "ಇದನ್ನ ತಿಂಗಳಾ ರಿಪೋರ್ಟ್ ಮಾಡಿ ಕಳಸ್ರಿ" ಅಂತ ಸೇರಿಸಿದರು. ಒಂದು ರಿಜಿಸ್ಟರ್ ಜಾಸ್ತಿ ಆಯಿತು. ಸರ್ಕಾರಿ ಕೆಲಸದಲ್ಲಿ ಮೆಚ್ಚುಗೆ ಹೀಗೇ ಬರುತ್ತದೆ.

ಆ ವರ್ಷವೇ, 2024ರ ನವೆಂಬರಿನಲ್ಲಿ, ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡ ಸುದ್ದಿ ಬಂತು. ಸಂಶಯ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ. ಬಳ್ಳಾರಿ ನಮಗೆ ದೂರ ಅಲ್ಲ. ಅವತ್ತು ರಾತ್ರಿ ನಮ್ಮ ವಾಟ್ಸ್ಯಾಪಿನಲ್ಲಿ ಎಲ್ಲ ಫಾರ್ಮಸಿಸ್ಟರೂ ಎಚ್ಚರ ಇದ್ದರು. ನಾನು ಬೆಳಿಗ್ಗೆ ಎಂಟಕ್ಕೇ ಹೋಗಿ ಪ್ರತಿ ಬಾಟಲಿಯ ಬ್ಯಾಚ್ ನಂಬರ್ ಬರೆದೆ, ಬೆಳಕಿಗೆ ಹಿಡಿದು ನೋಡಿದೆ. ಕಣ್ಣಿಗೆ ಕಾಣುವ ದೋಷ ಅಲ್ಲ ಅದು ಅಂತ ಗೊತ್ತಿದ್ದೂ ನೋಡಿದೆ. ಯಾವ ಬ್ಯಾಚು ಯಾವ ದಿನ ಯಾರಿಗೆ ಹೋಯಿತು ಅಂತ ಸಿಸ್ಟರ್ ಪುಸ್ತಕವನ್ನೂ ನನ್ನ ಪುಸ್ತಕವನ್ನೂ ತಾಳೆ ಹಾಕಿದೆವು. ಗುಮಾಸ್ತರ ಕೆಲಸ ಅಂತ ಬೈದುಕೊಂಡಿದ್ದೆನಲ್ಲ, ಆ ಪುಸ್ತಕ. ಅವತ್ತು ಸಿಸ್ಟರ್ ಮತ್ತು ನಾನು ಊಟಕ್ಕೂ ಏಳಲಿಲ್ಲ. ಅದಾದ ಮೇಲೆ ಔಷಧಿಯಿಂದ ತೊಂದರೆ ಆದರೆ ತಿಳಿಸುವ 1800-180-3024 ನಂಬರನ್ನು ಸಿಸ್ಟರ್ ಕೋಣೆಯಲ್ಲೂ ನನ್ನ ಕೋಣೆಯಲ್ಲೂ ದಪ್ಪಗೆ ಬರೆದು ಅಂಟಿಸಿದೆವು. ಅದಕ್ಕೂ ಮುಂಚೆ ಆ ನಂಬರ್ ನನಗೆ ಪರೀಕ್ಷೆಯ ಒಂದು ಅಂಕ, ಅಷ್ಟೇ.

ನನ್ನ ಗೆಳತಿಯೊಬ್ಬಳು ಫಾರ್ಮಸಿಯ ದೊಡ್ಡ ಪದವಿ ಫಾರ್ಮ್.ಡಿ ಮಾಡಿ ಇಂಗ್ಲೆಂಡಿಗೆ ಹೋಗಿ, ಅಲ್ಲಿ ಮತ್ತೆ ಓದಿ, ತರಬೇತಿ ಮುಗಿಸಿ ಒಂದು ಸಣ್ಣ ಸರ್ಕಾರಿ ಕ್ಲಿನಿಕ್ಕಿನಲ್ಲಿ ಇದ್ದಾಳೆ. "ನಾನು ಗುಳಗಿ ಎಣಿಸೋದೇ ಇಲ್ಲ ಕಣೇ, ಬರೀ ಚೀಲ ನೋಡೋದು" ಅಂತ ನಗುತ್ತಾಳೆ. ಅಲ್ಲಿ ಡಾಕ್ಟರುಗಳ ಕ್ಲಿನಿಕ್ಕಿನಲ್ಲಿ ಫಾರ್ಮಸಿಸ್ಟರನ್ನು ಕೂಡಿಸುವ ಪ್ರಯೋಗವನ್ನು ಸರ್ಕಾರ 2015ರಲ್ಲಿ ಶುರು ಮಾಡಿತು. ಬೇರೆ ಓದು ಮುಗಿಸಿದವರು 2006ರಿಂದಲೇ ಸ್ವತಃ ಔಷಧಿ ಬರೆಯಬಹುದು. ಕೇಳಿ ಹೊಟ್ಟೆಕಿಚ್ಚು ಆಯಿತು. ಬರೆಯುವ ಅಧಿಕಾರದ ಮೇಲಲ್ಲ. ಅವಳು ಚೀಲ ನೋಡುವಾಗ ಕಿಟಕಿಯಲ್ಲಿ ಇನ್ನೊಬ್ಬರು ಇರುತ್ತಾರಲ್ಲ, ಅದರ ಮೇಲೆ.

ಡಾಕ್ಟರ್ ರಜೆ ಇದ್ದ ದಿನ ಈಗಲೂ ಜನ ಬರುತ್ತಾರೆ. ಈಗ ನಾನು ಫೋನ್ ಹಚ್ಚುತ್ತೇನೆ. ಅವರು ರೋಗಿಯ ಜೊತೆ ಮಾತಾಡಿ ಹೇಳಿದರೆ ಕೊಡುತ್ತೇನೆ, ಇಲ್ಲ ಅಂದರೆ ಪಕ್ಕದ ಕೇಂದ್ರಕ್ಕೆ ಕಳಿಸುತ್ತೇನೆ. "ಮೊದ್ಲು ಕೊಡ್ತಿದ್ರಿ, ಈಗ ದೊಡ್ಡಾಕಿ ಆಗೀರಿ" ಅಂತ ಒಬ್ಬರು ಮುಖಕ್ಕೇ ಅಂದರು. ಸಣ್ಣ ಡಾಕ್ಟರ್ ಬಿರುದು ಅವತ್ತೇ ಹೋಯಿತು.

ಮಂಡ್ಯದ ಡಾಕ್ಟರ್ ಒಂದು ವರ್ಷ ಮುಗಿಸಿ ಹೋದರು. ಅವರ ಜಾಗಕ್ಕೆ ಇನ್ನೊಬ್ಬರು, ಅವರೂ ಹೋದರು. ಡಾಕ್ಟರ್ ವರ್ಷಕ್ಕೊಬ್ಬರು, ನಾನು ಮಾತ್ರ ಅಲ್ಲೇ. ಯಾರಿಗೆ ಆಮ್ಲೋಡಿಪಿನ್ ಕೊಟ್ಟರೆ ಕಾಲು ಬಾವು ಬರುತ್ತದೆ, ಯಾರು ಗುಳೆ ಹೋಗುವಾಗ ಎರಡು ತಿಂಗಳ ಗುಳಗಿ ಕೇಳುತ್ತಾರೆ, ಯಾವ ಟಿಬಿ ಹುಡುಗ ಗುಳಗಿಯಿಂದಲೇ ಬರುವ ಕೆಂಪು ಮೂತ್ರ ನೋಡಿ ರಕ್ತ ಅಂತ ಹೆದರಿ ಗುಳಗಿ ಬಿಟ್ಟಿದ್ದ, ಇದೆಲ್ಲ ಆ ನೋಟ್‌ಬುಕ್ಕಿನಲ್ಲಿದೆ. ಹೊಸ ಡಾಕ್ಟರ್ ಬಂದ ದಿನ ಮೊದಲು ಅದನ್ನೇ ಮೇಜಿನ ಮೇಲೆ ಇಡುತ್ತೇನೆ. ಒಬ್ಬರು ಓದುತ್ತಾರೆ, ಒಬ್ಬರು ಪಕ್ಕಕ್ಕೆ ಸರಿಸುತ್ತಾರೆ. ಸರಿಸಿದವರಿಗೆ ಎರಡನೇ ವಾರ ಮತ್ತೆ ಇಡುತ್ತೇನೆ.

ಮಧ್ಯಾಹ್ನದ ಏರ್ಪಾಡು ಮಾತ್ರ ನಡೆಯಲಿಲ್ಲ. ಮಧ್ಯಾಹ್ನ ಹೆಣ್ಣುಮಕ್ಕಳು ಗದ್ದೆಯಲ್ಲಿರುತ್ತಾರೆ, ಯಾರು ಬರುತ್ತಾರೆ? ಎರಡು ವಾರ ನಾನು, ಫ್ಯಾನು, ಖಾಲಿ ಕುರ್ಚಿ. ಕೊನೆಗೆ ಸಿಸ್ಟರ್ ದಾರಿ ತೋರಿಸಿದರು. "ಸಂತಿ ದಿನ ಇಡ್ರಿ, ಅವತ್ತು ಯಾರೂ ಕೂಲಿಗೆ ಹೋಗಂಗಿಲ್ಲ." ಈಗ ಸಂತೆ ದಿನ ಎರಡು ಗಂಟೆಗೆ ಶುರು. ಸಂತೆ ಮುಗಿಸಿಕೊಂಡು ನೇರ ಬರುತ್ತಾರೆ. ಬೇರೆ ಚೀಲ ಯಾರು ತರುತ್ತಾರೆ, ಎಲ್ಲ ಒಂದರಲ್ಲೇ. ಹೋದ ವಾರ ಒಬ್ಬ ಆಯಿ ಮೇಜಿನ ಮೇಲೆ ಚೀಲ ಬೋರಲು ಹಾಕಿದರು. ಮೆಂತ್ಯದ ಕಟ್ಟು, ಹಸಿಮೆಣಸಿನಕಾಯಿ, ಮೊಮ್ಮಗಳ ಬಳೆ, ಅದರ ನಡುವೆ ನಾಲ್ಕು ಪಟ್ಟಿ. ಮೆಣಸಿನಕಾಯಿ ಒಂದು ಕಡೆ ಸರಿಸಿ ಪಟ್ಟಿಗಳನ್ನು ಓದಲು ಕೂತೆ. "ಲಗೂನ ನೋಡವ್ವಾ," ಅಂದರು ಆಯಿ, "ಮೆಂತ್ಯ ಬಾಡ್ತಾವ."